ನೆರಳು ಮಾಯವಾದ ಮಧ್ಯಾಹ್ನ, ಹುಣಸೆ ಬೀಜದ ಸಂಜೆ

ಬೇಸಿಗೆ ರಜೆ ಬಂತೆಂದರೆ ದೊಡ್ಡವರಿಗೆ ಶಿಬಿರ, ಮಾಲು, ರೆಸಾರ್ಟುಗಳ ಚಿಂತೆ. ಪುಟ್ಟ ಮಕ್ಕಳ ಲೆಕ್ಕವೇ ಬೇರೆ. ಮನೆಗೆಲಸದಲ್ಲೊಂದು ಪಾಲು, ಹೊತ್ತಿಗೆ ಸರಿಯಾಗಿ ಊಟ-ನಿದ್ದೆ, ಸಂಜೆ ಜೊತೆಗೆ ಕೂರುವ ಒಬ್ಬ ಹಿರಿಯರು: ಇಷ್ಟು ಸಿಕ್ಕರೆ ಅವರ ರಜೆ ತುಂಬಿ ತುಳುಕುತ್ತದೆ!

ಏಪ್ರಿಲ್ 24ರ ಮಧ್ಯಾಹ್ನ. ಬೆಂಗಳೂರಿನ ಬಸವನಗುಡಿ ಕಡೆಯ ಹಳೆಯ ಮನೆಯೊಂದರ ತಾರಸಿ. ಬಿಳಿ ಪಂಚೆಯ ಮೇಲೆ ಸಾಲು ಸಾಲಾಗಿ ಸಬ್ಬಕ್ಕಿ ಸಂಡಿಗೆ. ಕಾಗೆ ಬೆದರಲೆಂದು ಬಿಡಿಸಿಟ್ಟ ಕಪ್ಪು ಕೊಡೆ. ಕೊಡೆಯ ಕೆಳಗೆ ಐದು ವರ್ಷದ ಹುಡುಗಿ, ಕೈಯಲ್ಲಿ ಕೋಲು. ಇವತ್ತಿನ ಕಾವಲು ಅವಳದ್ದು.

ಅಜ್ಜಿ ಒಂದು ಸ್ಟೀಲ್ ಲೋಟ ತಂದು ಬೋರಲು ಹಾಕಿದರು. ‘ನೋಡ್ತಿರು ಪುಟ್ಟಿ, ಇನ್ನು ಸ್ವಲ್ಪ ಹೊತ್ತಿಗೆ ಇದರ ನೆರಳು ಓಡಿ ಹೋಗುತ್ತೆ.’

ಲೋಟದ ಒಂದು ಬದಿಗೆ ಉಗುರಿನಷ್ಟು ನೆರಳು ಉಳಿದಿತ್ತು. ಅದು ಸಣ್ಣಗಾಯಿತು, ಗೆರೆಯಾಯಿತು. ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ಇಲ್ಲವೇ ಇಲ್ಲ. ಸುಡು ಬಿಸಿಲು, ಥಳಥಳಿಸುವ ಲೋಟ, ಸುತ್ತ ಒಂದು ಚೂರೂ ನೆರಳಿಲ್ಲ.

‘ಅಜ್ಜೀ, ಲೋಟ ನೆರಳನ್ನ ನುಂಗಿಬಿಡ್ತು!’

ಆಮೇಲೆ ನಡೆದದ್ದು ಜಾತ್ರೆ. ಹುಡುಗಿ ಕೋಲು ಬಿಸಾಕಿ ಎದ್ದು ತನ್ನ ನೆರಳು ಹುಡುಕಿದಳು. ಅದು ಪಾದದ ಅಡಿ ಮುದುಡಿ ಕೂತಿತ್ತು. ಪಕ್ಕದ ತಾರಸಿಯ ಇಬ್ಬರು ಹುಡುಗರು ಬಕೆಟ್ಟು, ಬಾಟಲಿ, ಬ್ಯಾಟು ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ನೋಡತೊಡಗಿದರು. ಈ ಗಲಾಟೆಯಲ್ಲಿ ಒಂದು ಕಾಗೆ ಬಂದು ಎರಡು ಸಂಡಿಗೆ ಎತ್ತಿಕೊಂಡು ಹೋಯಿತು. ಅಜ್ಜಿ ನೋಡಿದರು, ಬೈಯಲಿಲ್ಲ.

ಈ ಆಟಕ್ಕೆ ಟಿಕೆಟ್ ಇಲ್ಲ. ಆಕಾಶವೇ ನಡೆಸಿಕೊಡುವ ಪ್ರದರ್ಶನ. ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಬಾರಿ.

■ ನಿಮ್ಮೂರಲ್ಲಿ ನೆರಳಿಲ್ಲದ ದಿನ ಯಾವುದು?
ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆಗ ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ದಕ್ಷಿಣದ ಊರುಗಳಿಗೆ ಮೊದಲು, ಉತ್ತರಕ್ಕೆ ಆಮೇಲೆ. ಮೈಸೂರಿಗೆ ಏಪ್ರಿಲ್ 22-23, ಬೆಂಗಳೂರು-ಮಂಗಳೂರಿಗೆ 24ರ ಸುಮಾರು, ಹುಬ್ಬಳ್ಳಿಗೆ ಮೇ 2, ಕಲಬುರಗಿಗೆ ಮೇ 9, ಬೀದರಿಗೆ ಮೇ 11ರ ಹೊತ್ತಿಗೆ; ಒಂದು ದಿನ ಆಚೀಚೆ ಆದೀತು. ಬೆಂಗಳೂರಿಗೆ ಎರಡನೆಯ ಸರದಿ ಆಗಸ್ಟ್ 18ರ ಸುಮಾರಿಗೆ. ಮಂಗಳೂರು ಪಶ್ಚಿಮಕ್ಕಿರುವುದರಿಂದ ಅಲ್ಲಿ ಇದು ಬೆಂಗಳೂರಿಗಿಂತ ಹತ್ತು-ಹನ್ನೊಂದು ನಿಮಿಷ ತಡ. ಮಕ್ಕಳು ನೋಡಬೇಕಾದದ್ದು ನೆಲವನ್ನು. ಸೂರ್ಯನನ್ನು ಬರಿಗಣ್ಣಿನಿಂದ ನೋಡಲು ಬಿಡಬೇಡಿ.

ಕೆಲಸವೇ ಆಟ

ಆ ಮಧ್ಯಾಹ್ನ ಹುಡುಗಿಗೆ ಅಷ್ಟು ಖುಷಿ ಕೊಟ್ಟದ್ದು ನೆರಳೊಂದೇ ಅಲ್ಲ ಎಂದು ನನಗೆ ಖಾತ್ರಿ. ಸಂಡಿಗೆಯ ಕಾವಲು ನಿಜವಾಗಿಯೂ ಅವಳ ಪಾಲಿಗೆ ಬಂದಿತ್ತು. ಅವಳು ಎದ್ದರೆ ಕಾಗೆ ಬರುತ್ತದೆ, ಅವಳು ಕೂತರೆ ಸಂಡಿಗೆ ಉಳಿಯುತ್ತದೆ. ಮೂರರಿಂದ ಆರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ನಾವು ಮಕ್ಕಳನ್ನು ರಂಜಿಸಲು ಬಹಳ ಕಷ್ಟಪಡುತ್ತಿದ್ದೇವೆ. ಮಾಲಿನ ಆಟದಂಗಳದಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹೊರಗಿನ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತೇವೆ. ಮನೆಗೆ ಬಂದು ಮಗುವನ್ನು ಟಿ.ವಿ. ಮುಂದೆ ಕೂರಿಸಿ, ಅದರ ಕೈಗೆ ಸಿಗದಂತೆ ನಮ್ಮ ಕೆಲಸ ಮುಗಿಸುತ್ತೇವೆ. ಆದರೆ ಪುಟ್ಟ ಮಕ್ಕಳು ನಮ್ಮ ಕೆಲಸದೊಳಗೆ ಬರಲು ಹಾತೊರೆಯುತ್ತಾರೆ. ಚಪಾತಿ ಲಟ್ಟಿಸುವಾಗ ಒಂದು ಉಂಡೆ ಬೇಡುತ್ತಾರೆ. ಗಿಡಕ್ಕೆ ನೀರು ಹಾಕುವಾಗ ಪೈಪಿಗೆ ಜಗಳ. ಕಸಬರಿಗೆ ಅವರಿಗಿಂತ ಉದ್ದ, ಆದರೂ ಬಿಡುವುದಿಲ್ಲ.

ಬಿಟ್ಟುಕೊಡಿ. ಕೆಲಸ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ನೆಲ ಗಲೀಜಾಗುತ್ತದೆ. ಅದೇ ಮಗುವಿನ ರಜೆ.

ಕನ್ನಡನಾಡಿನ ಬೇಸಿಗೆಯಲ್ಲಂತೂ ಇಂಥ ಕೆಲಸಕ್ಕೆ ಬರವಿಲ್ಲ. ಬಯಲುಸೀಮೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ. ಮಲೆನಾಡು, ಕರಾವಳಿಯಲ್ಲಿ ಹಲಸಿನ ಹಪ್ಪಳ. ಬೇಯಿಸಿದ ತೊಳೆಯನ್ನು ಗುದ್ದಿ, ಉಂಡೆ ಕಟ್ಟಿ, ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಮಣೆಯ ಮೇಲೆ ಕೂತು ಭಾರ ಹಾಕುವ ಕೆಲಸಕ್ಕೆ ನಾಲ್ಕು ವರ್ಷದವರಷ್ಟು ತಕ್ಕವರು ಯಾರೂ ಇಲ್ಲ. ಉಂಡೆಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟುಕೊಂಡು ಹಸಿಯಾಗೇ ಬಾಯಿಗೆ ಹಾಕಿಕೊಳ್ಳುವುದು ಅವರ ಸಂಬಳ. ಉತ್ತರ ಕರ್ನಾಟಕದಲ್ಲಿ ಶ್ಯಾವಿಗೆ ಹೊಸೆದು ಕೋಲಿನ ಮೇಲೆ ಒಣಹಾಕುವ ದಿನಗಳಿವು.

ಅಪಾರ್ಟ್‌ಮೆಂಟಿನವರು ಹಲಸು ಎಲ್ಲಿಂದ ತರೋಣ ಎನ್ನಬಹುದು. ಕೊತ್ತಂಬರಿ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಒಗೆದ ಕಾಲುಚೀಲಗಳಿಗೆ ಜೋಡಿ ಹುಡುಕುವುದು ಎಲ್ಲ ಮನೆಯಲ್ಲೂ ಇದೆ. ಕಾಲುಚೀಲ ಜೋಡಿಸುವ ಮಗು ಬಣ್ಣ, ಅಳತೆ ಎರಡನ್ನೂ ಒಟ್ಟಿಗೆ ಕಲಿಯುತ್ತಿರುತ್ತದೆ.

ಹೊತ್ತಿಗೊಂದು ಗೂಟ

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಏಳು ವಾರದ ಹತ್ತಿರ. ದೊಡ್ಡ ಮಕ್ಕಳು ಹೇಗೋ ಕಳೆಯುತ್ತಾರೆ. ಮೂರು, ನಾಲ್ಕು, ಐದು ವರ್ಷದವರಿಗೆ ದಿನಕ್ಕೊಂದು ಆಕಾರ ಬೇಕು. ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದರೆ ಅವರಿಗೆ ಧೈರ್ಯ. ಗೊತ್ತಿಲ್ಲದಿದ್ದರೆ ಹಟ, ಅಳು, ಊಟಕ್ಕೆ ರಂಪ.

ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವ ಮಾತಲ್ಲ ಇದು. ದಿನಕ್ಕೆ ನಾಲ್ಕು ಗೂಟ ನೆಟ್ಟರೆ ಸಾಕು. ನಡುವಿನದ್ದನ್ನು ಮಕ್ಕಳೇ ತುಂಬಿಕೊಳ್ಳುತ್ತಾರೆ. ಬೆಳಗ್ಗೆ ಬಿಸಿಲೇರುವ ಮುಂಚೆ ಹೊರಗೆ. ಮಧ್ಯಾಹ್ನ ಊಟ, ಒಂದು ಕತೆ, ನಿದ್ದೆ. ಸಂಜೆ ಮತ್ತೆ ಹೊರಗೆ. ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಒಳಗೆ.

ದೀಪದ ಹೊತ್ತಿನ ಆ ಪದ್ಧತಿ ನಮ್ಮ ಮನೆಗಳಲ್ಲಿ ಎಷ್ಟು ಚೆನ್ನಾಗಿ ಬೇರೂರಿತ್ತು! ಬೀದಿಯ ಆಟ ನಿಲ್ಲಿಸಲು ಯಾರೂ ಕೂಗಬೇಕಿರಲಿಲ್ಲ. ದೀಪ ಹತ್ತಿತೆಂದರೆ ಆಟ ಮುಗಿಯಿತು. ಕಾಲಿಗೆ ತಣ್ಣೀರು, ಮಗ್ಗಿ ಅಥವಾ ಒಂದು ಹಾಡು, ಆಮೇಲೆ ಊಟ. ದೇವರನ್ನು ನಂಬುವವರೂ ನಂಬದವರೂ ಈ ಕ್ರಮವನ್ನು ಇಟ್ಟುಕೊಳ್ಳಬಹುದು; ಮಗುವಿನ ಮೈ ಅದನ್ನು ಗಡಿಯಾರಕ್ಕಿಂತ ಬೇಗ ಕಲಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ದಿನದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಮೂರು ಗಂಟೆ ಮೈ ಓಡಾಡಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಷ್ಟು ಜೋರಾಗಿ. ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕು. ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಎರಡು ತುಂಬದವರಿಗೆ ಪರದೆ ಬೇಡವೇ ಬೇಡ. ಇದನ್ನು ಓದಿದಾಗ ನನಗೆ ಕಂಡದ್ದು ಹಳೆಯ ವಠಾರದ ಒಂದು ಸಾಮಾನ್ಯ ದಿನ. ಅಲ್ಲಿ ಮಕ್ಕಳ ಓಟಕ್ಕೆ ಯಾರೂ ಗಂಟೆ ಎಣಿಸುತ್ತಿರಲಿಲ್ಲ, ಅಷ್ಟೆ.

ಇಬ್ಬರೂ ದುಡಿಯುವ ಮನೆಗಳಲ್ಲಿ ಇದು ಸುಲಭವಲ್ಲ. ಕೂಲಿಗೆ ಹೋಗುವ ತಾಯಿಗೆ ಇನ್ನೂ ಕಷ್ಟ. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ತೆರೆದದ್ದು ಇಂಥ ತಾಯಂದಿರಿಗಾಗಿಯೇ. ನಾಲ್ಕು ಗೂಟ ಆಗದಿದ್ದರೆ ಒಂದನ್ನಾದರೂ ನೆಡಿ. ಸಂಜೆಯ ಒಂದು ಗಂಟೆ, ದಿನವೂ ಅದೇ ಹೊತ್ತಿಗೆ, ಫೋನು ಇನ್ನೊಂದು ಕೋಣೆಯಲ್ಲಿ. ಭಾನುವಾರ ಇಡೀ ದಿನ ಸುತ್ತಾಡಿಸಿ ವಾರವೆಲ್ಲ ಕೈಗೆ ಸಿಗದಿರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಚೌಕ, ಬಾರ, ಇನ್ನೊಂದು ಸಲ!

ಆ ಒಂದು ಗಂಟೆಗೆ ಏನು ಮಾಡೋಣ? ಹುಣಸೆ ಬೀಜ ಹುಡುಕಿ.

ನಾಲ್ಕು ಬೀಜ ತೆಗೆದುಕೊಂಡು ಒರಟು ಕಲ್ಲಿನ ಮೇಲೆ ಒಂದು ಬದಿ ತಿಕ್ಕಬೇಕು. ಕಂದು ಸಿಪ್ಪೆ ಸವೆದು ಬಿಳಿ ಹೊಟ್ಟೆ ಕಾಣುತ್ತದೆ. ತಿಕ್ಕಿದ ಬೀಜ ಬಿಸಿಯಾಗುತ್ತದೆ. ಅದನ್ನು ಪಕ್ಕದವರ ತೋಳಿಗೆ ತಾಗಿಸಿ ಓಡುವುದು ಮಕ್ಕಳು ತಾವೇ ಕಂಡುಹಿಡಿಯುವ ಇನ್ನೊಂದು ಆಟ. ಬೀಜ ತಯಾರಾದರೆ ಚೌಕಾಬಾರದ ದಾಳ ಸಿಕ್ಕಿತು. ಕವಡೆ ಇದ್ದರೆ ಇನ್ನೂ ಸೊಗಸು. ಸೀಮೆಸುಣ್ಣದಿಂದ ನೆಲದ ಮೇಲೆ ಐದೈದು ಮನೆ ಬರೆಯಿರಿ. ಕಾಯಿಗೆ ಬಳೆ ಚೂರು, ಗುಂಡಿ, ಕಡಲೆಕಾಳು, ಬೆಣಚುಕಲ್ಲು. ಕಟ್ಟೆಮನೆ, ಗಟ್ಟಮನೆ ಎಂದೆಲ್ಲ ಕರೆಯುವುದು ಈ ಆಟವನ್ನೇ.

■ ಚೌಕಾಬಾರ ಆಡುವ ಬಗೆ
ನಾಲ್ಕು ಜನ, ತಲೆಗೆ ನಾಲ್ಕು ಕಾಯಿ. ನಾಲ್ಕೂ ಬದಿಯ ನಡುಮನೆಗೆ, ಕಾಯಿ ಕೊನೆಗೆ ಸೇರಬೇಕಾದ ನಟ್ಟನಡುವಿನ ಹಣ್ಣಿನ ಮನೆಗೆ ಕತ್ತರಿ ಗುರುತು. ಎಷ್ಟು ಬೀಜ ಬೆಳ್ಳಗೆ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕತ್ತರಿ ಗುರುತಿನ ಮನೆಯಲ್ಲಿರುವ ಕಾಯಿಯನ್ನು ಕಡಿಯುವಂತಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಊರಿಂದೂರಿಗೆ ನಿಯಮ ಬದಲಾಗುತ್ತದೆ. ಅಜ್ಜಿ ಹೇಳಿದ್ದೇ ಕೊನೆಯ ಮಾತು.

ನಾಲ್ಕು ವರ್ಷದ ಮಗುವಿಗೆ ಕಡಿಯುವ ನಿಯಮ ಹೇಳಬೇಡಿ. ಬೀಜ ಎಸೆದು, ಎಣಿಸಿ, ಕಾಯಿ ಮುಂದೆ ಇಡುವುದೇ ಅವರಿಗೆ ಸಾಕಷ್ಟು ಆಟ. ಐದು-ಆರಕ್ಕೆ ಬಂದಾಗ ಅವರೇ ನಿಮ್ಮ ಕಾಯಿ ಕಡಿಯುತ್ತಾರೆ. ತಮ್ಮ ಕಾಯಿ ಸತ್ತಾಗ ಅಳುತ್ತಾರೆ, ಮುಂದಿನ ಸರದಿಗೆ ಕಾಯುತ್ತಾರೆ. ಸೋಲುವುದನ್ನು ಕಲಿಯಲು ಚಾವಡಿಯ ನೆಲಕ್ಕಿಂತ ಸುರಕ್ಷಿತ ಜಾಗ ನನಗೆ ಗೊತ್ತಿಲ್ಲ. ಒಂದು ಎಚ್ಚರ: ಮೂರು ತುಂಬದ ಮಕ್ಕಳ ಕೈಗೆ ಬೀಜ, ಕವಡೆ, ಗುಂಡಿ ಬೇಡ. ಅವು ಮೂಗಿಗೋ ಗಂಟಲಿಗೋ ಹೋಗುತ್ತವೆ.

ಈ ಆಟಗಳ ಹಿಂದೆ ಒಬ್ಬ ದೊರೆಯ ಕತೆಯೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1799ರಲ್ಲಿ ಮೈಸೂರಿನ ಸಿಂಹಾಸನ ಏರಿದಾಗ ಐದು ವರ್ಷದ ಬಾಲಕ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಕಲೆ, ಸಾಹಿತ್ಯ ಮತ್ತು ಆಟಗಳಿಗೆ ತಮ್ಮನ್ನು ಕೊಟ್ಟುಕೊಂಡರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಪಟಗಳಿವೆ. ಅದೇ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನದ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಮನೆಗಳಿಗೆ ತಲುಪಿಸುತ್ತಿದೆ. ಆದರೆ ಇವು ಅರಮನೆಯ ಸೊತ್ತು ಮಾತ್ರವಲ್ಲ. ಹಂಪಿಯ ಮಂಟಪಗಳಿಗೆ ಹೋದರೆ ನೆಲಹಾಸಿನ ಕಲ್ಲನ್ನು ನೋಡಿ. ಬಿಸಿಲು ತಪ್ಪಿಸಿಕೊಂಡು ಬಂದು ಕೂತ ಯಾರೋ ಕೊರೆದ ಆಟದ ಮನೆಗಳು ಇನ್ನೂ ಇವೆ. ಅವುಗಳ ಮೇಲೆ ನಾಲ್ಕು ಬೆಣಚುಕಲ್ಲು ಇಟ್ಟರೆ ಮಗುವಿಗೆ ಇತಿಹಾಸ ಅರ್ಥವಾಗುತ್ತದೆ.

ಅಳಗುಳಿ ಮಣೆಯ ಸರದಿ ಮಳೆಗಾಲಕ್ಕೆ. ತುಳುನಾಡಿನಲ್ಲಿ ಚೆನ್ನೆಮಣೆ ಎನ್ನುವ ಇದು ಅಟ್ಟದಿಂದ ಇಳಿಯುವುದು ಆಟಿ ತಿಂಗಳಿಗೆ, ಹೊರಗೆ ಕಾಲಿಡಲಾಗದಷ್ಟು ಮಳೆ ಸುರಿಯುವಾಗ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ ಇಲ್ಲದವರು ಎರಡು ಮೊಟ್ಟೆ ಟ್ರೇಗಳಿಂದ ಏಳೇಳು ಗುಳಿ ಕತ್ತರಿಸಿಕೊಳ್ಳಬಹುದು.

ತಾಟಿನಿಂಗಿನ ಗಾಡಿ

ಬೇಸಿಗೆಯ ಆಟಿಕೆಗಳು ಮರದ ಮೇಲೇ ಬೆಳೆಯುತ್ತವೆ. ತಾಟಿನಿಂಗು ತಿಂದ ಮೇಲೆ ಉಳಿದ ಎರಡು ಓಡಿಗೆ ನಡುವೆ ಒಂದು ಕಡ್ಡಿ, ಅದಕ್ಕೊಂದು ಉದ್ದ ಕೋಲು: ದೂಡುವ ಗಾಡಿ ಸಿದ್ಧ. ತೆಂಗಿನ ಗರಿಯಲ್ಲಿ ವಾಚು, ಹಾವು, ಪೀಪಿ, ಗಿರಗಿಟ್ಲೆ. ಹಲಸಿನ ಎಲೆ ಜೋಡಿಸಿ ಕಡ್ಡಿ ಚುಚ್ಚಿದರೆ ಕಿರೀಟ. ತಿಂದೆಸೆದ ಮಾವಿನ ಗೊರಟು ಮೊದಲ ಮಳೆಗೆ ಮೊಳಕೆಯೊಡೆದಾಗ, ಒಳಗಿನ ಬೀಜದ ತುದಿಯನ್ನು ಕಲ್ಲಿಗೆ ತಿಕ್ಕಿ ಊದಿದರೆ ಅದೂ ಪೀಪಿ.

ಕೊಳ್ಳಲೇಬೇಕು ಎನ್ನುವವರು ಚನ್ನಪಟ್ಟಣದ ಬುಗುರಿ ಕೊಳ್ಳಲಿ. ಆಲೆ ಮರದ ಹಗುರ ಕಟ್ಟಿಗೆಯನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆಟಿಕೆ ಅದು. ಬ್ಯಾಟರಿ ಮುಗಿಯುವ ಭಯವಿಲ್ಲ.

ಮಗುವಿಗೆ ಬಸ್ಸೇ ಪ್ರವಾಸ

ದೊಡ್ಡವರು ಊರು ಸೇರಲು ಬಸ್ ಹತ್ತುತ್ತಾರೆ. ಮಗು ಬಸ್ ಹತ್ತಲೆಂದೇ ಹೊರಡುತ್ತದೆ. ಕಿಟಕಿಯ ಪಕ್ಕದ ಸೀಟು, ಕಂಡಕ್ಟರ್ ಊದುವ ಸೀಟಿ, ಹಳ್ಳಿ ನಿಲ್ದಾಣದಲ್ಲಿ ಹತ್ತುವ ಕೋಳಿ ಬುಟ್ಟಿ. ಇಳಿದು ಒಂದು ಎಳನೀರು ಕುಡಿದು ವಾಪಸ್ ಬಂದರೂ ಮಗುವಿಗೆ ಅದು ತುಂಬು ಪ್ರವಾಸ. ಹುಬ್ಬಳ್ಳಿ-ಧಾರವಾಡದ ನಡುವಿನ ರೈಲು, ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್: ಇಷ್ಟು ಪುಟ್ಟ ದೂರವೇ ಸರಿ. ಕಾವೇರಿಯ ಮೇಲೆ ರೈಲು ಹೋಗುವಾಗಿನ ಸದ್ದನ್ನು ಮಕ್ಕಳು ವಾರಗಟ್ಟಲೆ ಬಾಯಲ್ಲಿ ಮಾಡುತ್ತಿರುತ್ತಾರೆ.

■ ಟಿಕೆಟ್ ಬೇಡದ ಸವಾರಿ
2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರು ಮತ್ತು ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಸಾರಿಗೆ ಬಸ್ಸಿನಲ್ಲಿ ಆರು ವರ್ಷದೊಳಗಿನವರಿಗೂ ರೈಲಿನಲ್ಲಿ ಐದು ವರ್ಷದೊಳಗಿನವರಿಗೂ ಟಿಕೆಟ್ ಇಲ್ಲ. ಅಮ್ಮನೋ ಅಜ್ಜಿಯೋ ಪುಟ್ಟ ಮಗುವಿನೊಂದಿಗೆ ಬಸ್ಸಿನಲ್ಲಿ ಜಿಲ್ಲೆ ಸುತ್ತಿ ಬಂದರೆ ಖರ್ಚು ಬುತ್ತಿಯದ್ದು ಮಾತ್ರ.

ಬೆಂಗಳೂರಿನವರಿಗೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್ ಇದೆ; ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಹತ್ತಿ ಇಳಿಯುವ ಮಗುವಿಗೆ ಆ ಸಂಖ್ಯೆ ಬೇಡ. ಕೈಯೂರಿ ಹತ್ತಲು ಇಳಿಜಾರಿದೆ, ತುದಿಗೆ ಗೋಪುರವಿದೆ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅಕ್ಕನ ಕಾರ್ಡಿನಲ್ಲಿ ಪುಸ್ತಕ ಮನೆಗೆ ಬಂದರೆ ತಂಗಿಗೂ ಚಿತ್ರ ಸಿಕ್ಕಿತು. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ತನ್ನಿ, ಗಟ್ಟಿಯಾಗಿ ಓದಿ. ಮಗುವಿನ ನಾಲಗೆಗೆ ಒಗ್ಗುವ ಕನ್ನಡ ಹೇಗಿರಬೇಕೆಂದು ಅವರಿಬ್ಬರಿಗೂ ಗೊತ್ತಿತ್ತು. ಪುಸ್ತಕವಿಲ್ಲದ ದಿನ ಕಾಗಕ್ಕ-ಗುಬ್ಬಕ್ಕನ ಕತೆ ಇದ್ದೇ ಇದೆ. ನೂರು ಸಲ ಕೇಳಿದರೂ ಮಳೆಯಲ್ಲಿ ಕಾಗಕ್ಕ ಬಾಗಿಲು ಬಡಿಯುವಲ್ಲಿ ಮಕ್ಕಳ ಕಣ್ಣು ದೊಡ್ಡದಾಗುತ್ತದೆ.

ಒಂದೇ ಬಟ್ಟಲು, ಆರು ಅಂಗೈ

ಊಟವನ್ನೂ ಆಟ ಮಾಡಲು ನಮ್ಮವರಿಗೆ ಕೈತುತ್ತು ಸಾಕಿತ್ತು. ದೊಡ್ಡ ಬೋಗುಣಿಯಲ್ಲಿ ಹುಳಿಯನ್ನವೋ ಮೊಸರನ್ನವೋ ಕಲಸಿಕೊಂಡು ಅಜ್ಜಿ ನಡುವೆ ಕೂರುತ್ತಿದ್ದರು. ಸುತ್ತ ಮನೆಯ ಮಕ್ಕಳು, ಪಕ್ಕದ ಮನೆಯವರು, ಆ ಹೊತ್ತಿಗೆ ಬಂದವರು. ಚಾಚಿದ ಅಂಗೈಗೆ ಸರದಿಯಂತೆ ಒಂದೊಂದು ತುತ್ತು, ತುತ್ತಿನ ನಡುವೆ ಗುಳಿ ಮಾಡಿ ಅದರೊಳಗೆ ಸಾರು. ಒಂಟಿಯಾಗಿ ಕೂತು ಅರ್ಧ ಚಪಾತಿ ತಿನ್ನದ ಮಗು ಆ ವೃತ್ತದಲ್ಲಿ ಹೊಟ್ಟೆ ತುಂಬ ಉಣ್ಣುತ್ತಿತ್ತು. ಸರದಿ ತಪ್ಪೀತೆಂಬ ಆತುರ, ಪಕ್ಕದವರ ಅಂಗೈ ನೋಡುವ ಕುತೂಹಲ, ಕತೆ ನಿಲ್ಲದ ಅಜ್ಜಿಯ ಬಾಯಿ. ಫೋನು ತೋರಿಸಿ ಉಣ್ಣಿಸುವ ಮನೆಗಳಲ್ಲಿ ಒಮ್ಮೆ ಇದನ್ನು ಮಾಡಿ ನೋಡಬೇಕು.

ಹುಣ್ಣಿಮೆಗೆ ತಾರಸಿಯ ಬೆಳದಿಂಗಳೂಟ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ: ರಜೆಯ ಆಚೀಚೆ ಇವು ಸಾಲಾಗಿ ಬರುತ್ತವೆ. ಧಾರವಾಡದ ಕಡೆಯಾದರೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮೈಸೂರಿನ ಕಡೆಯಾದರೆ ಚಿತ್ರಾನ್ನ, ಮೊಸರನ್ನ, ಆ ವಾರವಷ್ಟೇ ಒಣಗಿದ ಸಂಡಿಗೆ. ಅದೇ ಮನೆ, ಅದೇ ಅನ್ನ. ಮೆಟ್ಟಿಲು ಹತ್ತಿಸಿದ ಮಾತ್ರಕ್ಕೆ ಮಗು ಅದನ್ನು ಹಬ್ಬ ಎನ್ನುತ್ತದೆ.

ಬೀಗ ಹಾಕಿದ ಮೈದಾನ

ಮನೆಯೊಳಗೆ ಇಷ್ಟೆಲ್ಲ ಮಾಡಬಹುದು. ಬೀದಿಗಿಳಿದ ಮಗುವಿಗೆ ಮಾತ್ರ ಜಾಗವಿಲ್ಲ. ಕುಂಟೆಬಿಲ್ಲೆ ಬರೆಯಬೇಕೆಂದರೆ ಬೈಕುಗಳ ಸಾಲು. ಲಗೋರಿ ಆಡಿದರೆ ಕಾರಿನ ಗಾಜಿನ ಭಯ. ಪಾರ್ಕಿಗೆ ಹೋದರೆ ಹುಲ್ಲು ತುಳಿಯಬೇಡಿ, ಚೆಂಡಾಡಬೇಡಿ ಎಂಬ ಫಲಕ. ಮಕ್ಕಳ ಆಟ ಒಂದು ತೊಂದರೆ ಎಂಬಂತೆ ನಾವು ಊರು ಕಟ್ಟಿದ್ದೇವೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಹಿಂದಿನವರು ಹಾಗೆ ಯೋಚಿಸಿರಲಿಲ್ಲ. ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಬಾಲವನದಲ್ಲಿ ಆಟ, ನಾಟಕ, ಕುಣಿತಗಳನ್ನು ಮಕ್ಕಳ ಕಲಿಕೆಯ ನಡುವೆ ತಂದರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು, ಬಿಡುವನ್ನು ಮಗುವಿನ ಹಕ್ಕು ಎನ್ನುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿದೆ. 2024ರಿಂದ ಜೂನ್ 11 ಅಂತರರಾಷ್ಟ್ರೀಯ ಆಟದ ದಿನವೂ ಆಗಿದೆ.

ಹೊಸ ಮೈದಾನ ಕಟ್ಟುವವರೆಗೆ ಕಾಯಬೇಕಿಲ್ಲ. ಬಹುಪಾಲು ಊರುಗಳಲ್ಲಿ ಸರ್ಕಾರಿ ಶಾಲೆಗೊಂದು ಅಂಗಳವಿದೆ, ಅದರಲ್ಲೊಂದು ಬೇವಿನ ಮರವೋ ಹೊಂಗೆಯೋ ಇದೆ. ಮಕ್ಕಳಿಗೆ ಅಂಗಳ ತೀರಾ ಬೇಕಾದ ಏಪ್ರಿಲ್-ಮೇ ತಿಂಗಳಲ್ಲೇ ಗೇಟಿಗೆ ಬೀಗ ಬೀಳುತ್ತದೆ. ಸಂಜೆ ಎರಡು ಗಂಟೆ ಅದನ್ನು ತೆರೆಯಲು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಸಾಕು, ಸರದಿಯಂತೆ ಇಬ್ಬರು ಪೋಷಕರು ನಿಂತು ನೋಡಿಕೊಂಡರೆ ಸಾಕು. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ಈ ವಾರವೇ ಹೋಗಿ ಕೇಳಿ.